ಒಂಬತ್ತು ಗೆರೆ

ಈ ಕಥೆಯಲ್ಲಿ ದಡ್ಡರು ಯಾರೆಂದು ಓದುವವರು ಹುಡುಕುತ್ತ ಕೂರಬೇಕಾಗಿಲ್ಲ, ಅದು ನಾನೇ. ಬಿ.ಎಸ್ಸಿ.ಯಲ್ಲಿ ನನಗೆ ಮೊದಲ ದರ್ಜೆ ಬಂದಿತ್ತು. ಅದರ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದೆ. ಹಾಗಾಗಿ ನನ್ನ ದಡ್ಡತನ ಪತ್ತೆಯಾಗಲು ಮೂವತ್ತೊಂದು ವರ್ಷ ಹಿಡಿಯಿತು. ಕಟ್ಟು ಹಾಕಿಸದಿದ್ದರೆ ಇನ್ನೂ ಬೇಗ ಆಗುತ್ತಿತ್ತೇನೋ.

ನಮ್ಮೂರಿನಲ್ಲಿ ಪ್ರತಿಯೊಬ್ಬರಿಗೂ ಅವರದೇ ಆದ ಒಂದು ಗುಂಯ್ ಇದೆ, ಬೇರೆ ಊರಿನವರಿಗೆ ನೆರಳು ಇರುವ ಹಾಗೆ. ಒಬ್ಬರು ಹತ್ತಿರ ಬಂದರೆ ಪ್ಲಾಸ್ಟಿಕ್ ಮೈಯ ಯಂತ್ರಗಳಿಗೆ ಅದು ತಾಗುತ್ತದೆ. ಅಂಚೆಯವನು ಗೇಟು ತೆಗೆದರೆ ಮನೆಯ ಗಡಿಯಾರ ಏಳು ನಿಮಿಷ ಹಿಂದೆ ಹೋಗುತ್ತದೆ. ಹಾಲಿನ ಡೈರಿಯ ಹುಡುಗಿ ಮಿಕ್ಸಿಯ ಪಕ್ಕ ನಿಂತರೆ ಅದು ಚಟ್ನಿ ರುಬ್ಬುವುದನ್ನು ಬಿಟ್ಟು ನಿಟ್ಟುಸಿರಿಡುತ್ತದೆ. ಗಂಡ ಹೆಂಡತಿ ಇಬ್ಬರ ಗುಂಯ್ ಸೇರಿ ಫ್ಯಾನು ಹಿಂದಕ್ಕೆ ತಿರುಗುವ ಮನೆಗಳೂ ಇವೆ. ಅವರು ಸೆಕೆಗಾಲದಲ್ಲಿ ಒಂದೊಂದು ಕೋಣೆಯಲ್ಲಿ ಮಲಗುತ್ತಾರೆ, ಚಳಿಗಾಲದಲ್ಲಿ ಒಂದೇ ಕೋಣೆಗೆ ಬರುತ್ತಾರೆ, ಮಕ್ಕಳೆಲ್ಲ ಮಳೆಗಾಲ ಕಳೆದ ಮೇಲೆ ಹುಟ್ಟುತ್ತವೆ. ಇದಕ್ಕೆ ಯಾರೂ ಬೇಸರಪಡುವುದಿಲ್ಲ. ಹೊಸ ರೇಡಿಯೋ ಕೊಂಡವರು ಅದನ್ನು ಮನೆಗೆ ಒಯ್ಯುವ ಮುಂಚೆ ನನ್ನ ಅಂಗಡಿಗೆ ತರುತ್ತಾರೆ, ಅಷ್ಟೇ.

ನನ್ನದು ಲೇಪದ ಅಂಗಡಿ. ಗುಂಯ್‌ಗೆ ಪ್ಲಾಸ್ಟಿಕ್ಕು ಇದ್ದೂ ಇಲ್ಲದ ಹಾಗೆ. ತಡೆಯುವುದು ಲೋಹ ಮಾತ್ರ. ಎಲ್ಲವನ್ನೂ ತಗಡಿನಲ್ಲೇ ಮಾಡಿದರೆ ಎತ್ತಿಡುವವರ ಸೊಂಟ ಉಳಿಯುವುದಿಲ್ಲ. ಅದಕ್ಕೆ ಪೆಟ್ಟಿಗೆಯ ಒಳಮೈಗೆ ಲೋಹವನ್ನು ಬಳಿಯುತ್ತೇವೆ. ಮೊದಲು ತಿರುಪು ಬಿಚ್ಚಿ ಒಳಗಿನ ಕರುಳೆಲ್ಲ ತೆಗೆದಿಡಬೇಕು. ಬರಿಯ ಪೆಟ್ಟಿಗೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ನಯವಾದ ಮರಳುಕಾಗದದಿಂದ ಉಜ್ಜಬೇಕು. ಬಣ್ಣ ತಾಗಬಾರದ ಕಡೆ ಕಾಗದದ ಪಟ್ಟಿ ಅಂಟಿಸಬೇಕು. ಆಮೇಲೆ ನಿಕ್ಕಲ್ಲಿನ ಪುಡಿ, ಇಲ್ಲವೇ ಬೆಳ್ಳಿ ಮುಸುಕಿದ ತಾಮ್ರದ ಪುಡಿ ಕಲೆಸಿದ ಬಣ್ಣವನ್ನು ಗನ್ನಿನಿಂದ ತೆಳ್ಳಗೆ ಸಿಂಪಡಿಸಬೇಕು, ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಕೈಚಳಕ ಇರುವುದು ತುಟಿಯಲ್ಲಿ. ತಳವೂ ಮುಚ್ಚಳವೂ ಕೂಡುವ ಅಂಚಿಗೆ ನಾವು ತುಟಿ ಎನ್ನುತ್ತೇವೆ. ಅಲ್ಲಿ ಲೋಹಕ್ಕೆ ಲೋಹ ಸುತ್ತಲೂ ತಾಗಬೇಕು. ಕೂದಲಷ್ಟು ಸಂದು ಬಿಟ್ಟರೂ ಗುಂಯ್ ಒಳಗೆ ನುಸುಳಿ ಕಾಲು ಚಾಚಿ ಕೂರುತ್ತದೆ. ನನ್ನ ತುಟಿಗಳಲ್ಲಿ ಸಂದು ಇರುತ್ತಿರಲಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ಜನರ ಗುಂಯ್ ಅಳೆದು ಚೀಟಿ ಬರೆದುಕೊಡುವುದೂ ನನ್ನದೇ ಕೆಲಸ. ಅಂಗಡಿಯ ನಡುವೆ ಒಂದು ಸ್ಟೂಲು, ಅದರೆದುರು ಲೇಪವಿಲ್ಲದ ಪೆಟ್ಟಿಗೆಯ ಮೀಟರು. ಮೀಟರಿನ ಮುಖದ ಮೇಲೆ ಒಂಬತ್ತು ಗೆರೆ, ಒಂದು ಮುಳ್ಳು. ಅಳೆಯುವವಳ ಗುಂಯ್ ಬೆರೆಯಬಾರದೆಂದು ಅವಳು ತಾಮ್ರದ ಬಲೆಯ ಪರದೆಯ ಹಿಂದೆ ಕುಳಿತು ಮುಳ್ಳನ್ನು ನೋಡಬೇಕು. ಇದು ನನಗಿಂತ ಹಳೆಯ ನಿಯಮ. ಕೆಲಸಕ್ಕೆ ಕೂತ ಮೊದಲ ದಿನವೇ ನಾನು ನನ್ನ ಚೀಟಿಯನ್ನು ಬರೆದುಕೊಂಡೆ. ನಿಯಮದಂತೆ ಪರದೆಯ ಹಿಂದೆ ಕುಳಿತು ನೋಡಿದೆ. ಮುಳ್ಳು ಅಲುಗಲಿಲ್ಲ. ಎರಡನೆಯ ಸಲ ನೋಡಿದೆ, ಮೂರನೆಯ ಸಲ ನೋಡಿದೆ. ವಿಜ್ಞಾನ ಓದಿದವಳು, ಒಂದೇ ಸಲಕ್ಕೆ ನಂಬುವವಳಲ್ಲ. ಮೂರು ಸಲವೂ ಸೊನ್ನೆ. ಇಡೀ ಊರಿನಲ್ಲಿ ಸೊನ್ನೆಯ ಚೀಟಿ ಇದ್ದದ್ದು ನನ್ನೊಬ್ಬಳ ಹತ್ತಿರವೇ.

ಸೊನ್ನೆಯವಳೆಂದು ಊರು ನನಗೆ ಗೌರವವನ್ನೂ ತೋರಿಸುತ್ತಿತ್ತು. ನಾನು ಬಸ್ಸು ಹತ್ತಿದರೆ ಕಂಡಕ್ಟರ್ ಜಬ್ಬಾರ್ ಓಡಿಬಂದು, "ಅಮ್ಮಾ, ಹಿಂದಿನ ಸೀಟು ನಿಮಗೇಂತ ಇಟ್ಟಿದೀನಿ, ಅಗಲವಾಗಿದೆ ನೋಡಿ," ಎಂದು ಡ್ರೈವರನಿಂದ ಅತಿ ದೂರದ ಸೀಟಿನಲ್ಲಿ ಕೂರಿಸುತ್ತಿದ್ದ. ಮದುವೆಮನೆಗೆ ಹೋದರೆ ಮೈಕಿನ ಸಿದ್ಲಿಂಗು ನನ್ನನ್ನು ಕಂಡದ್ದೇ ಮೈಕು ಆರಿಸಿ, ಎದ್ದುನಿಂತು ಕೈಮುಗಿಯುತ್ತಿದ್ದ. ನಾನು ಊಟ ಮುಗಿಸಿ ಹೊರಡುವವರೆಗೂ ಮತ್ತೆ ಹಾಡು ಹಾಕುತ್ತಿರಲಿಲ್ಲ. ಹಿರಿಯರೆದುರು ಗದ್ದಲ ಬೇಡವೆಂಬ ಆ ಹುಡುಗನ ನಯಕ್ಕೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಹರಸಿದೆನೋ. ನನಗೆ ಬೇರೆಯವರ ಸಣ್ಣಪುಟ್ಟ ಒಳ್ಳೆಯತನ ಬೇಗ ಕಣ್ಣಿಗೆ ಬೀಳುತ್ತದೆ. ಎಲ್ಲರೂ ಹಾಗನ್ನುತ್ತಾರೆ, ನಾನೂ ಒಪ್ಪುತ್ತೇನೆ.

ದ್ಯಾವಕ್ಕ ನನ್ನ ಅಂಗಡಿಗೆ ಬಂದದ್ದು ನಾನು ಕೆಲಸ ಶುರುಮಾಡಿದ ವರ್ಷ. ಟೆಲಿಫೋನು ಆಫೀಸಿನಲ್ಲಿ ಕರೆ ಜೋಡಿಸುವ ಕೆಲಸ ಖಾಲಿಯಿತ್ತು; ಮೂರು ಗೆರೆಯೊಳಗಿನ ಚೀಟಿ ಇದ್ದವರಿಗೆ ಮಾತ್ರ. ನನ್ನ ವಯಸ್ಸಿನವಳೇ. ಹಸಿರು ಸೀರೆ, ಕೈಯಲ್ಲಿ ಬಾಳೆಲೆ ಮುಚ್ಚಿದ ಪಾತ್ರೆ. ಸ್ಟೂಲಿನ ಮೇಲೆ ಕೂತು, "ಬಿಸಿ ಕಡುಬು ತಂದೀನ್ರೀ, ಆರಿಹೋಗ್ತವೆ. ಮೊದಲು ತಿನ್ರಿ, ಆಮೇಲೆ ಅಳೀರಿ," ಎಂದಳು. ನನಗೆ ಕಡುಬೆಂದರೆ ತಡೆಯುವುದಿಲ್ಲ. ಪರದೆಯಿಂದ ಹೊರಗೆ ಬಂದೆ. ಒಂದು ಕಡುಬನ್ನು ಬಾಯಿಗಿಟ್ಟುಕೊಂಡು ಮೀಟರಿನ ಕಡೆ ನೋಡಿದರೆ ಮುಳ್ಳು ಒಂಬತ್ತನ್ನು ಮುಟ್ಟಿ ನಡುಗುತ್ತಿದೆ! ಅಷ್ಟು ದೊಡ್ಡ ಗುಂಯನ್ನು ನಾನು ಕಂಡಿರಲಿಲ್ಲ. ಪಾಪ, ಎಷ್ಟು ಒಳ್ಳೆಯ ಹೆಂಗಸು, ಎಂಥ ಗ್ರಹಚಾರ ಎಂದುಕೊಳ್ಳುತ್ತ ಎರಡನೆಯ ಕಡುಬನ್ನು ಮುಗಿಸಿ, ಚೀಟಿಯಲ್ಲಿ ಒಂಬತ್ತು ಎಂದು ಬರೆದೆ.

ಅವಳ ಮುಖ ಸಣ್ಣಗಾಯಿತು. "ಇನ್ನೊಂದ್ಸಲ ನೋಡ್ತೀರಾ?" ಎಂದಳು. ಬಾಯಿ ಒರೆಸಿಕೊಳ್ಳುತ್ತ ಅಲ್ಲೇ ನಿಂತು ಇನ್ನೊಂದು ಸಲ ನೋಡಿದೆ. ಒಂಬತ್ತೇ.

ಟೆಲಿಫೋನಿನ ಕೆಲಸ ಬೇರೆಯವಳಿಗೆ ಹೋಯಿತು. ನನಗೆ ಕರುಳು ಚುರುಕ್ಕೆಂದು, ದ್ಯಾವಕ್ಕನನ್ನು ನನ್ನಲ್ಲೇ ಪರೀಕ್ಷೆಯ ಕೆಲಸಕ್ಕೆ ಕರೆದುಕೊಂಡೆ. ಲೇಪ ಒಣಗಿದ ಮೇಲೆ ಯಂತ್ರವನ್ನು ಮೇಜಿನ ಮೇಲಿಟ್ಟು ಚಾಲೂ ಮಾಡುತ್ತಿದ್ದೆ. ಅವಳು ಸುತ್ತ ಮೂರು ಸುತ್ತು ನಡೆಯುತ್ತಿದ್ದಳು. ನಾನು ಪಕ್ಕದಲ್ಲೇ ಕಿವಿಗೊಟ್ಟು ನಿಂತಿರುತ್ತಿದ್ದೆ. ಕರಕರ ಎಂದರೆ ಬಿಚ್ಚಿ ಮತ್ತೆ ಬಳಿಯುವುದು, ಸುಮ್ಮನಿದ್ದರೆ ಒಂಬತ್ತು ಗೆರೆ ತಡೆಯುವ ಲೇಪ ಎಂದು ಮುದ್ರೆ ಒತ್ತುವುದು. ನನ್ನ ಮುದ್ರೆ ಬಿದ್ದ ಯಂತ್ರ ಇವತ್ತಿಗೂ ಕೆಟ್ಟದ್ದಿಲ್ಲ. ಊರಿನ ಮಕ್ಕಳು ಮಾತ್ರ ದ್ಯಾವಕ್ಕ ಬೀದಿಯಲ್ಲಿ ಹೋದರೆ "ಒಂಬತ್ತು ಗೆರೆ ಬಂತು, ಟಾರ್ಚು ಮುಚ್ಚಿಟ್ಟುಕೊಳ್ರೋ" ಎಂದು ಕೂಗುತ್ತಿದ್ದವು. ಅವಳು ನಗುತ್ತ, "ಬರ್ತೀನಿರ್ರೋ, ನಿಮ್ಮಪ್ಪನ ಗಡಿಯಾರಾನೂ ನಿಲ್ಲಿಸ್ತೀನಿ," ಎನ್ನುತ್ತಿದ್ದಳು. ಅವಳ ಮಗಳು ಚಂಪಾಳ ಮದುವೆಯಲ್ಲಿ ಕೂಡ ಮೈಕಿಗೆ ತೊಂದರೆಯಾಗದಿರಲೆಂದು ಅವಳು ಕೊನೆಯ ಸಾಲಿನಲ್ಲಿ ಕೂತಳು. ಒಬ್ಬಳೇ ಕೂರುವುದು ಬೇಡವೆಂದು ನಾನೂ ಜೊತೆಗೆ ಕೂತೆ. ಅವತ್ತಿನ ಮೈಕು ಬೇರೆ ಊರಿನವರದು, ಅವರು ಆರಿಸಲಿಲ್ಲ; ಅಷ್ಟು ದೂರ ಕೂತರೂ ಅದು ಕೊನೆಯವರೆಗೂ ಕಿರುಚಿತು. ದ್ಯಾವಕ್ಕನ ಬೆನ್ನು ಸವರಿ ಸಮಾಧಾನ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಮಂಗಳವಾರ ಅಂಗಡಿಗೆ ರಜೆ. ಅವತ್ತು ಸಂಜೆ ನಾನು ಅವಳ ಮನೆಗೆ ಹೋಗುತ್ತಿದ್ದೆ. ನಾನು ಹೋಗುವ ಹೊತ್ತು ಗೊತ್ತಾದದ್ದಲ್ಲ. ಒಮ್ಮೆ ನಾಲ್ಕಾದರೆ ಒಮ್ಮೆ ಐದೂವರೆ. ಆದರೂ ಹೊಸ್ತಿಲು ದಾಟುವ ಹೊತ್ತಿಗೆ ಸರಿಯಾಗಿ ಕಾಫಿ ಲೋಟಕ್ಕಿಳಿಯುತ್ತಿತ್ತು. "ಅದ್ಹೇಗೆ ತಿಳಿಯುತ್ತೆ ನಿನಗೆ?" ಎಂದರೆ, "ಮೂಗಿಗೆ ವಾಸನೆ ಬರುತ್ತೆ, ನಿಕ್ಕಲ್ಲಿಂದು," ಎನ್ನುತ್ತಿದ್ದಳು. ಅವಳ ಅಡುಗೆಮನೆಯ ಗೂಡಿನಲ್ಲಿ ಒಂದು ಹಳೆಯ ಕೆಂಪು ರೇಡಿಯೋ ಇತ್ತು, ಲೇಪವಿಲ್ಲದ್ದು. ನಾನು ಹೋದಾಗ ಅದು ಯಾವಾಗಲೂ ಆರಿರುತ್ತಿತ್ತು. ಒಂಬತ್ತು ಗೆರೆಯವಳ ಮನೆಯಲ್ಲಿ ಪಾಪ ಹೇಗೆ ತಾನೇ ಹಾಡೀತು ಎಂದು ನಾನೇ ಎಷ್ಟೋ ಸಲ ಹೇಳಿದೆ: "ಕೊಡು, ಬಳಿದು ತರ್ತೀನಿ, ಬೆಳ್ಳಿ ತಾಮ್ರದ್ದೇ ಹಾಕ್ತೀನಿ." ಅವಳು, "ಬೇಡ ಕುಮುದಾ, ಅದು ಹಾಗೇ ಇರಲಿ," ಎಂದು ಮಾತು ಮರೆಸುತ್ತಿದ್ದಳು.

ಹೀಗೆ ಮೂವತ್ತೊಂದು ವರ್ಷ. ಹೋದ ಮಾಘದಲ್ಲಿ ಚಂಪಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು, ಅಂಗೈಯಲ್ಲಿ ಮುಚ್ಚಿಡಬಹುದು, ಅಷ್ಟು. ಚಂಪಾಳಿಗೆ ಮೈ ಸುಡುವ ಜ್ವರ. ಅವಳನ್ನು ಬೇರೆ ಕೋಣೆಯಲ್ಲಿ ಮಲಗಿಸಿದ್ದರು. ಅವಳ ಗಂಡ ಉಪ್ಪಿನ ಲಾರಿಯ ಜೊತೆ ಹದಿನೈದು ದಿನದ ದಾರಿ ದೂರದಲ್ಲಿದ್ದ. ಡಾಕ್ಟರಮ್ಮ ದ್ಯಾವಕ್ಕನನ್ನು ಕರೆದು ನೇರವಾಗಿ ಹೇಳಿದರು: "ಇದಕ್ಕೆ ಬೇಕಾದದ್ದು ಔಷಧಿ ಅಲ್ಲ, ಮೈಬಿಸಿ. ಬರಿಮೈಗೆ ಬರಿಮೈ ತಾಗಿಸಿ ದಿನಕ್ಕೆ ಆರೇಳು ಗಂಟೆ ಯಾರಾದರೂ ಎದೆಗೆ ಅವಚಿಕೊಂಡು ಕೂರಬೇಕು. ಹಾಗಾದರೆ ಉಳಿಯುತ್ತೆ. ಇಲ್ಲದಿದ್ದರೆ ನಾನು ಮಾತು ಕೊಡಲಾರೆ."

"ನಾನಿಲ್ವಾ? ಕೂರ್ತೀನಿ," ಎಂದಳು ದ್ಯಾವಕ್ಕ, ಆಗಲೇ ಸೆರಗು ಸಡಿಲಿಸುತ್ತ.

ತೊಡಕು ಇದ್ದದ್ದು ಮಗುವಿನ ಪಾದಕ್ಕೆ ಕಟ್ಟಿದ ತಂತಿಯಲ್ಲಿ. ಆ ತಂತಿ ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಗೆ ಹೋಗುತ್ತಿತ್ತು. ಮಗುವಿನ ಎದೆಬಡಿತ, ಉಸಿರು ಎರಡನ್ನೂ ಅದು ಎಣಿಸುತ್ತಿತ್ತು. ಉಸಿರು ನಿಂತರೆ ಕೂಗಿ ಕರೆಯುವುದು ಅದರ ಕೆಲಸ. ಗುಂಯ್ ತಾಗಿದರೆ ಸುಮ್ಮಸುಮ್ಮನೆ ಕೂಗುತ್ತದೆ. ಸುಮ್ಮನೆ ಕೂಗುವುದಕ್ಕೂ ನಿಜವಾಗಿ ಕೂಗುವುದಕ್ಕೂ ವ್ಯತ್ಯಾಸ ತಿಳಿಯದು. ಅದಕ್ಕೇ ಆ ಕೋಣೆಗೆ ಮೂರು ಗೆರೆಯೊಳಗಿನವರಿಗೆ ಮಾತ್ರ ಪ್ರವೇಶ. ನರ್ಸ್ ಫಿಲೋಮಿನಾ ಹೊರ ಊರಿನಿಂದ ಹೊಸದಾಗಿ ಬಂದವಳು. ದ್ಯಾವಕ್ಕನ ಚೀಟಿ ನೋಡಿ, "ಒಂಬತ್ತಾ! ಅಜ್ಜಿ, ನೀವು ಈ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಡಬೇಡಿ," ಎಂದಳು. ಚೀಟಿಯ ಕೆಳಗೆ ನನ್ನ ಸಹಿ, ನನ್ನ ಮುದ್ರೆ.

ಬೀದಿಯ ಹೆಂಗಸರೆಲ್ಲ ಬಂದರು. ಮೂರು ಗೆರೆಯೊಳಗಿನವರು ಇಬ್ಬರೇ. ಒಬ್ಬಳಿಗೆ ನೆಗಡಿ, ಇನ್ನೊಬ್ಬಳು ಒಂದು ಗಂಟೆ ಕೂತು ತನ್ನ ಕೂಸಿಗೆ ಹಾಲೂಡಿಸಲು ಓಡಿದಳು. ಆಗ ತಾನೇ ಅಂಗಡಿ ಮುಚ್ಚಿ ಬಂದಿದ್ದ ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ. "ಸೊನ್ನೆಯವಳು ನಾನಿರುವಾಗ ಚಿಂತೆ ಯಾಕೆ?" ಎಂದು ಕುರ್ಚಿಯಲ್ಲಿ ಕೂತು ಮಗುವನ್ನು ಎದೆಗೆ ಇಟ್ಟುಕೊಂಡು, ಕೈ ಬದಲಿಸುವಾಗ ಆರಿಸಿದ್ದ ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿದ್ದೇ, ಅದು ಕಿಟಾರನೆ ಕಿರುಚಿತು. ಫಿಲೋಮಿನಾ ಓಡಿಬಂದು ಮಗುವಿನ ಎದೆ ಮುಟ್ಟಿ ನೋಡಿದಳು. ಮಗು ಚೆನ್ನಾಗಿಯೇ ಇತ್ತು.

"ದ್ಯಾವಕ್ಕಾ, ಹೊರಗಡೆ ಜಗಲಿಯಲ್ಲಿ ನಿಂತಿದ್ದೀಯಾ? ಸ್ವಲ್ಪ ಮೆಟ್ಟಿಲ ಹತ್ತಿರ ಹೋಗು ಮಾರಾಯ್ತಿ," ಎಂದು ಕೂಗಿದೆ.

ಅವಳು ಹೋದಳು. ಪೆಟ್ಟಿಗೆ ಕಿರುಚುತ್ತಲೇ ಇತ್ತು.

"ಗೇಟಿನ ತನಕ ಹೋಗು!"

ಅವಳು ಗೇಟಿಗೂ ಹೋದಳು. ಕಿಟಕಿಯಿಂದ ನೋಡಿದೆ, ಬಿಸಿಲಲ್ಲಿ ಗೇಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಪೆಟ್ಟಿಗೆ ಇನ್ನೂ ಜೋರಾಯಿತು. ಅಷ್ಟು ದೂರದಿಂದಲೂ! ಒಂಬತ್ತು ಗೆರೆಯೆಂದರೆ ಸಾಮಾನ್ಯವೇ ಎಂದು ನಾನು ಫಿಲೋಮಿನಾಳಿಗೆ ವಿವರಿಸಿದೆ, ತಾಮ್ರದ ಗುಣಧರ್ಮದ ಬಗ್ಗೆಯೂ ನಾಲ್ಕು ಮಾತು ಹೇಳಿದೆ. ಅವಳು ಮಗುವನ್ನು ನನ್ನಿಂದ ಎತ್ತಿಕೊಂಡು, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಓದಿದವರನ್ನು ಕಂಡ ಮೆಚ್ಚುಗೆಯಿರಬೇಕು ಎಂದುಕೊಂಡೆ.

ಹಾಗಾದರೆ ಉಳಿದದ್ದು ಒಂದೇ ದಾರಿ: ಪೆಟ್ಟಿಗೆಗೆ ನಾನು ಲೇಪ ಬಳಿಯುವುದು, ಒಂಬತ್ತು ಗೆರೆ ತಡೆಯುವಂತೆ ಬಳಿದು ದ್ಯಾವಕ್ಕನನ್ನು ಒಳಗೆ ಕೂರಿಸುವುದು. ಆಸ್ಪತ್ರೆಯ ಜಗಲಿಯಲ್ಲೇ ಕೂತು ಕೆಲಸ ಶುರುಮಾಡಿದೆ. ಇದ್ದದ್ದು ಒಂದೇ ಪೆಟ್ಟಿಗೆ. ಅದು ನನ್ನ ಕೈಯಲ್ಲಿ ಬಿಚ್ಚಿಕೊಂಡು ಬಿದ್ದಿರುವಷ್ಟು ಹೊತ್ತೂ ಫಿಲೋಮಿನಾ ಮಗುವಿನ ಎದೆಯ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ ತಾನೇ ಎಣಿಸುತ್ತಿದ್ದಳು. ದಿನವಿಡೀ ಎಣಿಸುವಂತಿರಲಿಲ್ಲ, ಅವಳಿಗೆ ಇನ್ನೂ ಹನ್ನೊಂದು ಹಾಸಿಗೆಗಳಿದ್ದವು. ಮೊದಲ ದಿನ ನಿಕ್ಕಲ್ ಬಳಿದೆ. ಜೋಡಿಸಿ, ದ್ಯಾವಕ್ಕನನ್ನು ಹೊಸ್ತಿಲಿಗೆ ಕರೆದು, ಪಕ್ಕದಲ್ಲಿ ನಾನೂ ನಿಂತು ನೋಡಿದೆ. ಕಿರುಚಿತು. ಎರಡನೆಯ ದಿನ ಬೆಳ್ಳಿ ತಾಮ್ರ ಬಳಿದೆ, ತುಟಿಗೆ ಎರಡು ಪದರ. ಕಿರುಚಿತು. ತೊಂದರೆ ಅಂಕಿ ಕಾಣುವ ಕಿಟಕಿಯದ್ದು. ಅದಕ್ಕೆ ಬಳಿದರೆ ಅಂಕಿ ಕಾಣದು, ಬಿಟ್ಟರೆ ಗುಂಯ್‌ಗೆ ಅದೇ ಹೆಬ್ಬಾಗಿಲು. ಮಗುವಿನ ತೂಕ ಎರಡು ದಿನದಲ್ಲಿ ಇಳಿದಿತ್ತು. ದ್ಯಾವಕ್ಕ ನನಗೆ ಊಟ ತಂದಿಟ್ಟು, "ತಿನ್ನು ಕುಮುದಾ," ಎಂದಳು. ಬೇರೇನೋ ಹೇಳಲು ಬಾಯಿ ತೆರೆದಳು. ನಾನು ಪೆಟ್ಟಿಗೆಯೊಳಗೆ ತಲೆ ಹಾಕಿ, ಕನ್ನಡಕದ ತುಂಬ ಬಣ್ಣ ಮಾಡಿಕೊಂಡು, "ಹೆದರಬೇಡವೇ, ನಿನ್ನ ಗುಂಯನ್ನ ನಾನು ಗೆದ್ದೇ ಗೆಲ್ತೀನಿ," ಎಂದೆ. ಅವಳು ಊಟದ ಪಾತ್ರೆಯನ್ನು ನನ್ನ ಕಡೆ ಸರಿಸಿ ಎದ್ದಳು.

ಮೂರನೆಯ ದಿನ ಕಿಟಕಿಯ ಮೇಲೆ ಕೂದಲಿಗಿಂತ ಸಣ್ಣ ಎಳೆಯ ತಾಮ್ರದ ಬಲೆ ಹೊದಿಸಿ, ತಂತಿಗೆ ಲೋಹದ ಹೆಣಿಗೆ ಸುತ್ತಿ, ಪೆಟ್ಟಿಗೆಯನ್ನು ಒಳಗಿಟ್ಟೆ. ದ್ಯಾವಕ್ಕ ಬಂದಳು. ಅವತ್ತು ಅವಳ ಮುಖದಲ್ಲಿ ನಗುವಿರಲಿಲ್ಲ. "ಗನ್ನು ಒಣಗಿಹೋಗುತ್ತೆ, ಮೊದಲು ಅದನ್ನ ತೊಳ್ಕೊಂಡು ಬಾ. ಜಗಲಿ ಹತ್ತಿರದ ನಲ್ಲಿ ಬೇಡ, ಹಿಂದುಗಡೆ ತೆಂಗಿನ ಮರದ ಹತ್ತಿರ ಒಂದಿದೆ ನೋಡು, ಅಲ್ಲಿ ತೊಳಿ. ನಿಧಾನವಾಗಿ ತೊಳಿ," ಎಂದಳು. ಇಂಥ ಹೊತ್ತಿನಲ್ಲೂ ನನ್ನ ಗನ್ನಿನ ಚಿಂತೆ ಇವಳಿಗೆ ಎಂದು ನನ್ನ ಕಣ್ಣು ತುಂಬಿತು.

ತೆಂಗಿನ ಮರದ ಹತ್ತಿರ ನಿಂತು ತೊಳೆಯುತ್ತಿದ್ದೆ. ಅಲ್ಲಿಂದ ಮಗುವಿನ ಕೋಣೆಯ ಕಿಟಕಿ ಕಾಣುತ್ತಿತ್ತು. ತಲೆಯೆತ್ತಿ ನೋಡಿದರೆ ಒಳಗೆ ಕುರ್ಚಿಯ ಮೇಲೆ ದ್ಯಾವಕ್ಕ! ಎದೆಯ ಮೇಲೆ ಮಗು, ಅದರ ಮೇಲೆ ಹಳೆಯ ಹಸಿರು ಸೀರೆಯ ಸೆರಗು. ಫಿಲೋಮಿನಾ ಪಕ್ಕದಲ್ಲಿ ನಿಂತು ಪೆಟ್ಟಿಗೆ ನೋಡುತ್ತಿದ್ದಳು. ಪೆಟ್ಟಿಗೆ ಮೌನ. ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು.

ನನ್ನ ಮೂರನೆಯ ಲೇಪ ಗೆದ್ದಿತ್ತು! ಗನ್ನನ್ನು ಅಲ್ಲೇ ಬಿಟ್ಟು, ಒದ್ದೆ ಕೈಯಲ್ಲೇ ಓಡಿದೆ. ಅರವತ್ತೊಂದರ ಮೊಣಕಾಲು ಎಷ್ಟು ಓಡಬಹುದೋ ಅಷ್ಟು. "ಗೆದ್ದೆವು ದ್ಯಾವಕ್ಕಾ!" ಎಂದು ಬಾಗಿಲಲ್ಲಿ ನಿಂತೆ. ಪೆಟ್ಟಿಗೆ ಕಿಟಾರನೆ ಕಿರುಚಿತು.

ಗಾಬರಿಯಾಗಿ ಹಿಂದೆ ಸರಿದೆ, ಜಗಲಿಯ ಕೊನೆಯವರೆಗೆ, ಮೆಟ್ಟಿಲವರೆಗೆ, ಅಂಗಳಕ್ಕೆ. ಕಿರುಚಾಟ ಸಣ್ಣಗಾಗಿ ನಿಂತಿತು. ಏನೋ ಸಡಿಲವಾಗಿದೆ, ಸರಿಮಾಡಬೇಕು ಎಂದು ಮತ್ತೆ ಮುಂದೆ ಬಂದೆ. ಕಿರುಚಿತು. ಹಿಂದೆ. ನಿಂತಿತು. ಮುಂದೆ. ಕಿರುಚಿತು. ನಾಲ್ಕನೆಯ ಸಲಕ್ಕೆ ಫಿಲೋಮಿನಾ ಜಗಲಿಗೆ ಬಂದು ಕೈ ಅಡ್ಡ ಮಾಡಿದಳು. "ಅಮ್ಮಾ, ನಿಮಗೆ ಕೈಮುಗೀತೀನಿ. ನೀವು ಎಲ್ಲಿಂದ ಬಂದ್ರೋ ಅಲ್ಲೇ ಹೋಗಿ ನಿಲ್ಲಿ."

ತೆಂಗಿನ ಮರದ ಬುಡದಲ್ಲಿ ಹೋಗಿ ಕೂತೆ. ನಲ್ಲಿ ತೆರೆದೇ ಇತ್ತು. ಅದನ್ನು ನಿಲ್ಲಿಸುವ ಬುದ್ಧಿಯೂ ಹೊಳೆಯದೆ ನೀರು ಹೋಗುವುದನ್ನು ನೋಡುತ್ತಿದ್ದೆ. ತಾಮ್ರದ ಪರದೆಯ ಹಿಂದೆ ಕುಳಿತು ನನ್ನನ್ನು ನಾನೇ ಅಳೆದುಕೊಂಡದ್ದು, ಮೂರು ಸಲ, ನೆನಪಾಯಿತು. ಆಮೇಲೆ ಕಡುಬು ನೆನಪಾಯಿತು. ಆಮೇಲೆ ಒಂದೊಂದಾಗಿ ಎಲ್ಲವೂ ನೆನಪಾಗತೊಡಗಿ, ಸಿದ್ಲಿಂಗು ಎದ್ದುನಿಂತು ಕೈಮುಗಿಯುವುದಕ್ಕೆ ಬರುವಷ್ಟರಲ್ಲಿ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

ಸಂಜೆಯ ಮುಂಚೆ ಚಂಪಾಳ ನಾದಿನಿ, ಎರಡು ಗೆರೆಯವಳು, ಪಕ್ಕದೂರಿಗೆ ಹೋಗಿದ್ದವಳು ಸುದ್ದಿ ಕೇಳಿ ಬಂದು ಸ್ವಲ್ಪ ಹೊತ್ತು ಕೂತಳು. ದ್ಯಾವಕ್ಕ ಹೊರಗೆ ಬಂದು ನನ್ನ ಪಕ್ಕ ಕೂತು, ಮೊದಲು ನಲ್ಲಿ ನಿಲ್ಲಿಸಿದಳು.

"ಯಾವಾಗಿಂದ ಗೊತ್ತಿತ್ತು?" ಎಂದೆ.

"ನಿನ್ನ ಹತ್ತಿರ ಸೇರಿ ಆರು ತಿಂಗಳಾದ ಮೇಲೆ. ನನ್ನ ರೇಡಿಯೋ ಮನೇಲಿ ಚೆನ್ನಾಗೇ ಹಾಡ್ತಿತ್ತು. ನೀನು ಬಂದಾಗ ಮಾತ್ರ ಅದಕ್ಕೆ ರೋಗ. ಎರಡು ಸಲ ನೋಡಿದೆ, ಮೂರು ಸಲ ನೋಡಿದೆ. ನಾನೇನು ಬಿ.ಎಸ್ಸಿ. ಓದಿರಲಿಲ್ಲ, ಅರ್ಥ ಆಗೋಯ್ತು."

"ಟೆಲಿಫೋನು ಕೆಲಸ..."

"ಆ ಕುರ್ಚೀಲಿ ಅಷ್ಟೊತ್ತಿಗೆ ಬೇರೆಯವಳು ಕೂತಾಗಿತ್ತು. ಸಿಟ್ಟು ಬಂತಮ್ಮ, ಸುಳ್ಳು ಹೇಳಲ್ಲ. ನಿನ್ನ ಮುಖ ನೋಡಬಾರದು ಅಂತ ಜ್ವರದ ನೆಪ ಮಾಡಿ ಮೂರು ದಿನ ಮಲಗಿದೆ. ನೀನು ಮೂರನೇ ದಿನ ಮೆಣಸಿನ ಸಾರು ಮಾಡ್ಕೊಂಡು, ಸೀರೆ ಮೇಲೆಲ್ಲ ಚೆಲ್ಕೊಂಡು ಬಂದೆ. ರೇಡಿಯೋ ಆರಿಸೋಕೆ ಮರೆತಿದ್ದೆ, ಅದು ಕರಕರ ಅಂತು. ನೀನು ನನ್ನ ಹಣೆ ಮುಟ್ಟಿ, 'ಅಯ್ಯೋ, ಜ್ವರಕ್ಕೆ ನಿನ್ನ ಗುಂಯ್ ಇನ್ನೂ ಜಾಸ್ತಿ ಆಗಿದೆಯಲ್ಲೇ' ಅಂದೆ. ನಗು ತಡೆಯೋಕಾಗದೆ ಗೋಡೆ ಕಡೆ ತಿರುಗಿ ಮಲಗಿದೆ. ನೀನು ಅಳ್ತಿದೀನಿ ಅಂದ್ಕೊಂಡು ಬೆನ್ನು ಸವರಿದೆ. ಅಲ್ಲಿಗೆ ಸಿಟ್ಟು ಹೋಯ್ತು."

"ಆಮೇಲಾದರೂ ಹೇಳಬಾರದಿತ್ತಾ?"

"ಎಷ್ಟು ಸಲ ಅಂದ್ಕೊಂಡೆ. ಆ ಸೊನ್ನೆ ಮೇಲೆ ನಿನಗೆ ಎಷ್ಟು ಪ್ರೀತಿ! ಊರವರಿಗೂ ಗೊತ್ತು. ಹೇಳೋಕೆ ಯಾರಿಗೂ ಬಾಯಿ ಬರಲಿಲ್ಲ." ಅವಳು ನನ್ನ ಕಡೆ ತಿರುಗಿದಳು. "ಆದ್ರೆ ಇವತ್ತು ಹೇಳ್ತಿದ್ದೆ ಕುಮುದಾ. ನೀನೇ ಕಣ್ಣಲ್ಲಿ ನೋಡದಿದ್ರೆ ಸಂಜೆಯೊಳಗೆ ಫಿಲೋಮಿನಾ ಎದುರಿಗೇ ಹೇಳ್ತಿದ್ದೆ. ಎರಡು ದಿನ ಕಾದದ್ದೇ ತಪ್ಪು. ನಿನ್ನ ಮಾನಕ್ಕಿಂತ ಆ ಕೂಸು ದೊಡ್ಡದು."

"ಎರಡು ದಿನ ಯಾಕೆ ಕಾದೆ?" ಎಂದು ಕೇಳಲಿಲ್ಲ. ಗೇಟಿನ ಹತ್ತಿರ ಬಿ‌ಸಿಲಲ್ಲಿ ನಿಂತಿದ್ದ ಅವಳ ಮುಖ ನೆನಪಾಯಿತು. ಕ್ಷಮಿಸು ಎನ್ನಲು ಹೋದರೆ ಗಂಟಲಿನಿಂದ ಹೊರಟದ್ದು ಬಿಕ್ಕಳಿಕೆ. ಅವಳು ಬೊಗಸೆಯಲ್ಲಿ ನೀರು ಹಿಡಿದುಕೊಟ್ಟಳು.

ಅವತ್ತೇ ಇಬ್ಬರೂ ಅಂಗಡಿಗೆ ಹೋಗಿ ಚೀಟಿ ಬದಲಿಸಿದೆವು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ನಾನು ಪರದೆಯ ಹಿಂದೆ ಕೂತು ನೋಡಿದೆ: ಅರ್ಧ ಗೆರೆ. ಆಮೇಲೆ ನಾನು ಸ್ಟೂಲಿನ ಮೇಲೆ ಕೂತು, ಅವಳನ್ನು ಪರದೆಯ ಹಿಂದೆ ಕಳಿಸಿದೆ. "ಎಷ್ಟು?" ಎಂದೆ. ಅವಳು ಪರದೆಗೆ ಮೂಗು ತಾಗಿಸಿ ಬಗ್ಗಿ ನೋಡಿದಳು. "ಹೇಳೇ, ತಡ್ಕೋತೀನಿ." ಅವಳೆಂದಳು, "ಒಂಬತ್ತು ದಾಟಿ ಮುಳ್ಳು ಗೂಟಕ್ಕೆ ಬಡೀತಿದೆ. ಇನ್ನೊಂದು ನಿಮಿಷ ಕೂತ್ರೆ ಮುರಿಯುತ್ತೆ, ಇಳಿ." ಗೋಡೆಯ ಮೇಲಿನ ಪ್ರಮಾಣಪತ್ರವನ್ನು ತೆಗೆಯೋಣವೆಂದೆ. "ಬಿಡು, ಅದರ ಹಿಂದೆ ಗೋಡೆಯ ಗಾರೆ ಕಿತ್ತುಹೋಗಿದೆ," ಎಂದಳು.

ಮರುದಿನದಿಂದ ದ್ಯಾವಕ್ಕ ಬೆಳಗ್ಗೆ ಹತ್ತಕ್ಕೆ ಮಗುವನ್ನು ಎದೆಗಿಟ್ಟುಕೊಂಡು ಕೂತರೆ ಏಳುತ್ತಿದ್ದದ್ದು ನಾಲ್ಕಕ್ಕೆ. ನಾನು ಮನೆಯಲ್ಲಿರಬಹುದಿತ್ತು; ಪೆಟ್ಟಿಗೆಯ ದೃಷ್ಟಿಯಿಂದ ಅದೇ ಒಳ್ಳೆಯದು. ಇರಲು ಆಗಲಿಲ್ಲ. ಫಿಲೋಮಿನಾಳನ್ನು ಕಿಟಕಿಯಲ್ಲಿ ನಿಲ್ಲಿಸಿ, ಅವಳು ಕೈಯೆತ್ತುವವರೆಗೆ ಹಿಂದೆ ಹಿಂದೆ ನಡೆದು, ತೆಂಗಿನ ಮರದ ಬುಡದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದುಕೊಂಡೆ. ನನ್ನ ಹತ್ತನೆಯ ಗೆರೆ. ಅದರ ಹಿಂದೆ ನಿಂತು ಕಿಟಕಿ ನೋಡುವುದು ನನ್ನ ಉದ್ಯೋಗವಾಯಿತು. ಎರಡನೆಯ ದಿನ ಯಾರೋ ಅಲ್ಲಿ ಸ್ಟೂಲು ತಂದಿಟ್ಟಿದ್ದರು, ಮೂರನೆಯ ದಿನ ಕೊಡೆ. ಸಿದ್ಲಿಂಗು ಮಜ್ಜಿಗೆ ತಂದುಕೊಟ್ಟು, ಕೈಮುಗಿಯಲು ಹೋಗಿ, ನನ್ನ ಮುಖ ನೋಡಿ ಕೈಯನ್ನು ಕಿಸೆಗೆ ಹಾಕಿಕೊಂಡ. ಜಬ್ಬಾರ್ ಬಸ್ಸು ನಿಲ್ಲಿಸಿ, "ಬನ್ನಿ ಅಮ್ಮ, ಮನೆಗೆ ಬಿಡ್ತೀನಿ, ಹಿಂದಿನ ಸೀಟು ಖಾಲಿ ಇದೆ," ಎಂದ.

"ಆ ಸೀಟು ಯಾಕೆ ಅಂತ ಗೊತ್ತಾಯ್ತು ಜಬ್ಬಾರ್."

ಅವನು ನಾಲಗೆ ಕಚ್ಚಿಕೊಂಡ. "ಗೊತ್ತಾಗೋಯ್ತಾ? ಯಾರು ಹೇಳಿದ್ದು?" ಆಮೇಲೆ ತಲೆ ಕೆರೆದುಕೊಂಡು, "ಆದ್ರೂ ಆ ಸೀಟಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅಲ್ವೇನಮ್ಮ?" ಎಂದ. ಬರುತ್ತದೆ. ಅದು ನಿಜವೇ.

ಹನ್ನೊಂದನೆಯ ದಿನ ಫಿಲೋಮಿನಾ ಕಿಟಕಿಯಲ್ಲಿ ಎರಡು ಬೆರಳು ತೋರಿಸಿದಳು. ಮಗು ಇನ್ನೂರು ಗ್ರಾಂ ಏರಿತ್ತು. ಇಪ್ಪತ್ತನೆಯ ದಿನ ತಂತಿ ಬಿಚ್ಚಿದರು. ಚಂಪಾ ಜ್ವರ ಬಿಟ್ಟು ಎದ್ದಿದ್ದಳು. ಮಗುವನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಗೇಟು ದಾಟುವಾಗ ನನ್ನ ಗೆರೆಯ ಹತ್ತಿರ ಬಂದು ಮುಖ ತೋರಿಸಿ ಹೋದಳು. ಅಷ್ಟು ಹತ್ತಿರದಿಂದ ನಾನು ನೋಡಿದ್ದು ಎರಡನೆಯ ಸಲ.

ಅದಾದ ಮೇಲಿನ ಮಂಗಳವಾರ ಹೊರಟೆ. ದ್ಯಾವಕ್ಕನ ಬೀದಿಯ ತಿರುವಿನವರೆಗೂ ಕಾಲು ಬಂತು, ಅಲ್ಲಿ ನಿಂತಿತು. ಈಗ ತಂತಿಯಿಲ್ಲ, ಪೆಟ್ಟಿಗೆಯಿಲ್ಲ, ನಾನು ಹೋಗಬಹುದು. ಆದರೂ ಇಪ್ಪತ್ತು ದಿನದ ಅಭ್ಯಾಸ, ಗೆರೆ ಎಲ್ಲಿದೆ ಎಂದು ಕಣ್ಣು ನೆಲದಲ್ಲಿ ಹುಡುಕುತ್ತಿತ್ತು. ಆಗ ಅವಳ ಅಡುಗೆಮನೆಯ ಕಿಟಕಿಯಿಂದ ಯಾವುದೋ ಹಾಡು ತೇಲಿ ಬಂತು. ಒಂದು ಹೆಜ್ಜೆ ಮುಂದಿಟ್ಟೆ. ಹಾಡು ಹೋಗಿ ಬೇರೆ ಒಂದು ಸದ್ದು: ಯಾರೋ ಬಾಗಿಲಾಚೆ ನಿಂತು, ಒಳಗೆ ಬರಲೋ ಬೇಡವೋ ಎಂದು ಗಂಟಲು ಸರಿಮಾಡಿಕೊಳ್ಳುವಂಥದು. ಹೆಜ್ಜೆ ಹಿಂದಿಟ್ಟೆ, ಹಾಡು. ಮುಂದಿಟ್ಟೆ, ಗಂಟಲು. ನನ್ನ ಗುಂಯನ್ನು ನನ್ನದೆಂದು ತಿಳಿದು ಕೇಳಿದ್ದು ಅದೇ ಮೊದಲು. ಇಷ್ಟು ದೊಡ್ಡ ಗುಂಯ್ ಇಷ್ಟು ಸಂಕೋಚದ್ದೆಂದು ಯಾರು ತಿಳಿದಿದ್ದರು!

ದ್ಯಾವಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. "ಅದೇನೇ ಬೀದೀಲಿ ಹಿಂದೆ ಮುಂದೆ ಕುಣೀತಿದೀಯಾ?"

"ಮೊದಲು ಆ ರೇಡಿಯೋ ಆರಿಸು ಮಾರಾಯ್ತಿ. ನಾಚಿಕೆ ಆಗುತ್ತೆ."

"ಆರಿಸೋದು ನೀನು ತಿರುವು ದಾಟಿದ ಮೇಲೆ, ಇಷ್ಟು ವರ್ಷ ಸಣ್ಣ ದನೀಲೇ ಇಡ್ತಿದ್ದೆ. ಮೊದಲೇ ಆರಿಸಿದ್ರೆ ನೀನು ಬರ್ತಿರೋದು ನಂಗೆ ಹೇಗೆ ಗೊತ್ತಾಗ್ಬೇಕು? ಮೂವತ್ತೊಂದು ವರ್ಷದಿಂದ ಇದು ಕೆಮ್ಮಿದ ಮೇಲೇ ನಾನು ಒಲೆ ಮೇಲೆ ನೀರಿಡೋದು." ಅವಳು ಒಳಗೆ ತಿರುಗಿದಳು. "ಬೇಗ ಬಾ, ಕುದೀತಿದೆ. ಇವತ್ತಿಂದ ಆರಿಸೋದೂ ಇಲ್ಲ, ಹೋಗು."

ಹೊಸ್ತಿಲು ದಾಟಿದೆ. ಗೂಡಿನ ಕೆಂಪು ರೇಡಿಯೋ ಪೂರ್ತಿ ಗಂಟಲು ಬಿಟ್ಟು ಕೆಮ್ಮಿತು. ಮಗು ಏಳಲಿಲ್ಲ. ಲೋಟ ಕೈಸುಡುವಷ್ಟು ಬಿಸಿಯಾಗಿತ್ತು.